ಕಂಪನಿಯ ಪಾಲಾದ ಕಥೆ

ಭಾವಿಕೇರಿ, ಅಂಕೋಲಾ
14 ಜುಲೈ 2024

ಪ್ರೀತಿಯ ನೀತಕ್ಕನಿಗೆ,

ಹೇಗಿದ್ದೀಯ? ಭಾವ, ಮಕ್ಕಳು ಸುಖವಾಗಿರಬೇಕು. ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಬಾಯಿ ತೆರೆದರೆ ಅಳುವೇ ಬರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಗೆಳತಿ ಭವ್ಯಾ ಕಾರವಾರದಲ್ಲಿ ತೆರೆದಿದ್ದ ಮಕ್ಕಳ ಕಥೆಗಳ ಕಂಪನಿ ಮುಚ್ಚಿದ್ದು ನಿನಗೆ ಗೊತ್ತು. ನಾನು ಅಲ್ಲಿ ಸಂಬಳಕ್ಕೆ ಬರೆದು ಓದುತ್ತಿದ್ದೆ, ಮಕ್ಕಳು ಮೊಬೈಲಿನಲ್ಲಿ ಕೇಳುತ್ತಿದ್ದರು. ಕೇಳುವವರು ಸಾಲದೆ ಹೋಯಿತು. "ಕಂಪನಿ ಹೋದ್ರೆ ಹೋಗ್ಲಿ, ನಾವಿಬ್ರು ಇದ್ದೀವಲ್ಲ" ಎಂದು ಭವ್ಯಾ ನನ್ನನ್ನು ಅಪ್ಪಿಕೊಂಡೇ ಕಳಿಸಿದ್ದಳು.

ಈ ಬೇಸಿಗೆಯಲ್ಲಿ ಪಕ್ಕದ ಮನೆಯ ದೀಕ್ಷಾಳ ಮೊಬೈಲಿನಿಂದ ನನ್ನ ಏಡಿಯ ಕಥೆ ಕೇಳಿಸಿತು. ಮಾತೆಲ್ಲ ನನ್ನವೇ, ದನಿ ಮಾತ್ರ ಯಾರದೋ. ಹೆಸರು ಬೇರೊಂದು ಕಂಪನಿಯದು.

ಮರುದಿನವೇ ಕಾರವಾರದ ಬಸ್ಸು ಹತ್ತಿದೆ. ಭವ್ಯಾ ಚಹಾ ಮಾಡಿಕೊಟ್ಟಳು.

"ಹೌದು, ಕಥೆ ಎಲ್ಲಾ ಅವ್ರಿಗೆ ಮಾರ್ದೆ. ಎಂತಾ ಮಾಡುದು? ಪಗಾರ ಕೊಟ್ಟದ್ದು ಕಂಪನಿ, ಕಥೆನೂ ಕಂಪನಿದೇ" ಎಂದಳು.

"ನಂಗೊಂದು ಮಾತು ಹೇಳೂಕೆ ಆಗ್ಲಿಲ್ವನೇ?"

"ಹೇಳಿದ್ರೆ ನೀ ಬ್ಯಾಡ ಅಂತಿದ್ದೆ."

ಚಹಾ ಮುಟ್ಟದೆ ಎದ್ದು ಬಂದೆ.

ವಕೀಲ ರಾಮನಾಥರು ಎಲ್ಲವನ್ನೂ ಕೇಳಿ, "ಕೆಲ್ಸಕ್ಕೆ ಸೇರೂ ಮೊದ್ಲು ಬರ್ದದ್ದು ನಿಮ್ದೇ. ಪಗಾರ ತಕಂಡು ಬರ್ದದ್ದು, ಬೇರೆ ಕರಾರು ಇಲ್ದಿದ್ರೆ, ಅವ್ರದ್ದು" ಎಂದರು. ಏಡಿಯ ಕಥೆಗಳನ್ನು ನಾನು ಮೊದಲೇ ನಿನ್ನ ಮಕ್ಕಳಿಗೆಂದು ವಾಟ್ಸಾಪಿನಲ್ಲಿ ಓದಿ ಕಳಿಸಿದ್ದೆನಲ್ಲ, ಅವೇ ಸಾಕ್ಷಿಯಾದವು. ನೋಟಿಸು ಹೋದ ಮೇಲೆ ಆ ಕಥೆಗಳನ್ನು ತೆಗೆದುಹಾಕಿದರು. ಈಗ ಅವನ್ನು ನನ್ನ ಹೆಸರಿನಲ್ಲೇ ನೋಂದಾಯಿಸುತ್ತಿದ್ದೇನೆ. ಉಳಿದವು ಹೋದವು.

ಗೆದ್ದೆಯಲ್ಲ ಎಂದು ಅತ್ತೆ ಪಾಯಸ ಮಾಡಿದರು. ಅವರ ಸಮಾಧಾನಕ್ಕೆ ಉಂಡೆ.

ಮಕ್ಕಳಿಗೆ ನನ್ನ ಮುದ್ದು. ನೀವೆಲ್ಲ ಆರೋಗ್ಯವಾಗಿರಿ, ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಪ್ರೇಕ್ಷಾ

ಮತ್ತೊಂದು ಮಾತು: ಹೋದ ಕಥೆಗಳಲ್ಲಿ ನಮ್ಮನ್ನು ಹೆತ್ತ ಆಯಿಯದೂ ಒಂದಿದೆ. ಆಯಿ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಮರಳಿದ ದಿನ ಭವ್ಯಾ ನನ್ನ ತಲೆ ಸವರಿ, "ಆಯಿ ಬಗ್ಗೆ ಬರಿಯೇ, ಮನಸು ಹಗುರಾಗ್ತದೆ" ಎಂದಿದ್ದಳು. ಆಫೀಸಿನಲ್ಲೇ ಕೂತು ಅಳುತ್ತ ಬರೆದೆ. ಅದಕ್ಕೇ ಅದು ಕಂಪನಿಯದಂತೆ. ಈಗ ನಾಗಿ ಎಂಬ ಆಯಿಯ ಹೆಸರು ತೆಗೆದು ಯಾರೋ ಮೀನು ಮಾರುವ ಅಜ್ಜಿ ಎಂದಿಟ್ಟಿದ್ದಾರೆ. ಗುರುತಿಲ್ಲದ ಆ ದನಿಯಲ್ಲಿ ಅಜ್ಜಿ ಬುಟ್ಟಿ ಇಳಿಸಿ, ಆಯಿ ನಮ್ಮಿಬ್ಬರನ್ನು ಕರೆಯುತ್ತಿದ್ದ ಹಾಗೆಯೇ ಕರೆಯುತ್ತಾಳೆ: "ಬಾ ಮಗಾ, ಉಂಡ್ಯೇ?"