ನಗುವ ಲಾಳಿ

ಮಾರ್ಚ್ 4, ಬೆಳಿಗ್ಗೆ

ಚಹಾ ಆಯಿತು. ಸೀರೆ ಅಂಗಡಿ ಡ್ಯೂಟಿಗೆ ಇನ್ನೂ ಅರ್ಧ ತಾಸು. ಲಾಳಿ ಮತ್ತೆ ನೂಲಿನ ರಾಶಿ ಮೇಲೆ. ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡುತ್ತದೆಂದು ಬೆಕ್ಕಿಗೆ ಆ ಹೆಸರಿಟ್ಟವಳು ಅವ್ವ. ಈಗ ಓಡಾಟವೇ ಇಲ್ಲ. ವಯಸ್ಸು ಮೂರು, ಕೂತರೆ ಏಳುವುದಿಲ್ಲ. ಮೈಗಳ್ಳಿ!

ಕೆಮ್ಮು ಬೇರೆ. ನೆಲಕ್ಕೆ ಅವುಚಿ ಕೂತು, ಕತ್ತು ಮುಂದೆ ಚಾಚಿ... ಏನೂ ಹೊರಗೆ ಬರುವುದಿಲ್ಲ. ಕೂದಲು ನುಂಗಿರಬೇಕು ಎಂದೆ. ಅವ್ವ ಮಗ್ಗ ನಿಲ್ಲಿಸದೇ ಕೂಗಿದಳು: "ಮಗ್ಗದ ಮನ್ಯಾಗ ಕೆಮ್ಮಲಾರದವರು ಯಾರದಾರ, ರೋಹಿಣಿ? ನಾ ಕೆಮ್ಮಂಗಿಲ್ಲೇನು?"

ಮಾರ್ಚ್ 7

ಲಾಳಿ ನಕ್ಕಿತು! ಖರೆ. ಚೆಂಡಿನ ಹಿಂದೆ ಎರಡು ಸುತ್ತು ಓಡಿತು, ಬಾಯಿ ತೆರೆದು ನಾಲಿಗೆ ಚಾಚಿ ಕೂತಿತು. ವಿಡಿಯೋ ಮಾಡಿ ಸ್ಟೇಟಸ್ ಹಾಕಿದೆ. ಓಣಿಗೆ ಓಣಿಯೇ ನೋಡಿತು. ಶಿಗ್ಲಿಯಿಂದ ಸುಮಿತ್ರವ್ವ ಅತ್ತೆ ಫೋನು: "ಯವ್ವಾ, ನಿಮ್ಮ ಬೆಕ್ಕು ಥೇಟ್ ನಿಮ್ಮವ್ವನಂಗ ನಗತೈತಿ ನೋಡು!"

ಅವ್ವನಿಗೆ ಹೇಳಿದೆ. ಕೆಮ್ಮು ಬರುವ ತನಕ ನಕ್ಕಳು.

ಮಾರ್ಚ್ 8, ಮಧ್ಯಾಹ್ನ

ಏನು ಬರೆಯಲಿ...

ಬೆಳಿಗ್ಗೆ ಮೇಘಾ ಫೋನು. ಶಾಲೆಯ ಗೆಳತಿ, ಈಗ ಗದಗಿನಲ್ಲಿ ಪಶು ಡಾಕ್ಟರ್. ಹಲೋ ಇಲ್ಲ, ಏನಿಲ್ಲ. "ಏ ಹುಚ್ಚಿ, ಅದು ನಗೂದಲ್ಲ! ಬೆಕ್ಕು ನಾಯಿಯಂಗ ಬಾಯಿ ತೆರದು ತೇಕಂಗಿಲ್ಲ. ಅದಕ್ಕ ಉಸರು ಸಾಲವಲ್ದು. ಜಲ್ದಿ ಕರಕೊಂಡು ಬಾ!"

ಓಡಿ ಹೋಗಿ ನೋಡಿದೆ. ಹೊಟ್ಟೆ ತಿದಿಯಂತೆ ಬಡಿಯುತ್ತಿತ್ತು. ಒಸಡು ನೀಲಿ. ಅಯ್ಯೋ ಶಿವನೇ... ಇದನ್ನು ಸ್ಟೇಟಸ್ ಹಾಕಿದೆನಲ್ಲ, ಮೂರು ನಗುವ ಎಮೋಜಿ ಹಚ್ಚಿ!

ಆಟೋ. ದವಾಖಾನೆ. ಗಾಜಿನ ಪೆಟ್ಟಿಗೆ, ಆಕ್ಸಿಜನ್.

"ಬೆಕ್ಕಿಗೂ ದಮ್ಮು ಬರ್ತೈತಿ," ಎಂದಳು ಮೇಘಾ. "ನೂಲಿನ ಧೂಳು ಹೆಚ್ಚು ಮಾಡಿರಬೇಕು. ಕೆಮ್ಮು, ಸುಂಯ್ ಸುಂಯ್ ಅನ್ನೂದು, ಮೊಣಕೈ ಅಗಲಿಸಿ ಕುಂಡ್ರೂದು... ಏನೂ ಗೊತ್ತಾಗಲಿಲ್ಲೇನ?"

"ಮಗ್ಗದ ಸಪ್ಪಳದಾಗ ಏನು ಕೇಳಸ್ತೈತಿ ಮೇಘಾ?"

ಇವತ್ತು ಅಲ್ಲೇ ಇರಲಿ ಎಂದಳು. ಬರುವಾಗ ಗಾಜಿಗೆ ಕೈ ಹಚ್ಚಿದೆ. ಲಾಳಿ ತಿರುಗಿ ಕೂಡ ನೋಡಲಿಲ್ಲ.

ಮಾರ್ಚ್ 8, ಸಂಜೆ

ಮೇಘಾ ಮೆಸೇಜು: ಲಾಳಿ ಬಾಯಿ ಮುಚ್ಚಿ ಉಸಿರಾಡುತ್ತಿದೆ. ಬದುಕಿತು! ಅಳು ಬಂತು. ಸ್ಟೇಟಸ್ ಅಳಿಸಿದೆ.

ಈಗಷ್ಟೇ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಿಟಕಿ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಎಷ್ಟು ನಿಶ್ಶಬ್ದ, ಕಿವಿ ಗುಂಯ್ ಎನ್ನುತ್ತಿದೆ.

ಗುಂಯ್ ಅಲ್ಲ. ಸುಂಯ್... ಸುಂಯ್.

"ಲಾಳೀ" ಎಂದು ಕರೆದೇ ಬಿಟ್ಟೆ. ಲಾಳಿ ಗದಗಿನಲ್ಲಿದೆಯಲ್ಲ.

ಮಗ್ಗದ ಹತ್ತಿರ ಅವ್ವ. ಮೊಣಕೈ ಮೊಣಕಾಲಿಗೆ ಊರಿ, ಕತ್ತು ಮುಂದೆ ಚಾಚಿ ಕೂತಿದ್ದಾಳೆ. ಬಾಯಿ ತೆರೆದಿದೆ. ನನ್ನ ಕಡೆ ನೋಡಿ ನಗುತ್ತಿದ್ದಾಳೆ.

ಅಲ್ಲ... ಅದು ನಗು—