ಬಾಕಿ ಇಟ್ಟ ಊರು

ಗದಗ
ಕಡಲು ಕದಲಿದ ಮೇಲಿನ ತೊಂಬತ್ತನೆಯ ವರ್ಷ, ಎರಡನೆಯ ಬೇಸಿಗೆ

ಸುನಂದಜ್ಜಿಗೆ ನಿನ್ನ ಮರಿಮಗನ ಮಗಳು ನೀಲಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಿನ್ನ ಕ್ಯಾಲೆಂಡರಿನಲ್ಲಿ ಇದಕ್ಕೆ ಜಾಗವಿಲ್ಲ. ನಮಗೆ ವರ್ಷಕ್ಕೆ ಮೂರು ಬೇಸಿಗೆ. ಯಾವ ಬೇಸಿಗೆ ಎಂದು ಬರೆಯದಿದ್ದರೆ ತಾರೀಖು ಬರೆದೂ ಬರೆಯದ ಹಾಗೆ. ಕಾಗದದಲ್ಲಿ ಅಲ್ಲಲ್ಲಿ ಬರುವ ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು, ಆದಷ್ಟೂ ಬಿಡಿಸಿ ಹೇಳುತ್ತೇನೆ. ಇನ್ನೊಂದು ಮಾತು. ನನಗೀಗ ಅರವತ್ತು ದಾಟಿದೆ, ನಿನಗೆ ಮೂವತ್ತನಾಲ್ಕು. ಲೆಕ್ಕ ಹಾಕಿದರೆ ನೀನೇ ನನ್ನ ಕಾಲಿಗೆ ಬೀಳಬೇಕು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬಾಯಿಗೆ ಹಾಗೇ ರೂಢಿಯಾಗಿದೆ.

ಈ ಹೊತ್ತಿನಲ್ಲಿ ನೀನು ಏನು ಮಾಡುತ್ತಿದ್ದೀಯ ಎಂಬುದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಈ ಕಥೆ ಕೇಳದೆ ಯಾರೂ ದೊಡ್ಡವರಾಗಿಲ್ಲ. ಮಂಚದ ಮೇಲೆ ಶ್ರೀಲಂಕಾದ ನಕ್ಷೆ ಹರಡಿಕೊಂಡಿದ್ದೀಯ. ನಿನ್ನ ಮಗ ಕ್ಯಾಂಡಿಯ ಮೇಲೆ ಕುಳಿತು ಚುರುಮುರಿ ತಿನ್ನುತ್ತಿದ್ದಾನೆ. ನಿನ್ನ ಗಂಡ ಶಿವಯೋಗಿ ಅಜ್ಜ ಫೋನಿನಲ್ಲಿ ರಸ್ತೆ ಅಳೆಯುತ್ತ ಊರಿಗೆ ಊರು ಸೇರಿಸುತ್ತಿದ್ದಾನೆ: ಕೊಲಂಬೊ, ಸಿಗಿರಿಯಾ, ಕ್ಯಾಂಡಿ, ನುವಾರಾ ಎಲಿಯಾ, ಗಾಲೆ. ಕಾರು ಬಾಡಿಗೆಗೆ ಹೇಳಿಯಾಗಿದೆ, ರಜೆ ಮಾತ್ರ ಸಾಲುತ್ತಿಲ್ಲ. ಅವನಿಗೆ ಎಲ್ಲಕ್ಕಿಂತ ಇಷ್ಟವಾದ ಟ್ರಿಂಕೋಮಲಿಯನ್ನು ಎಲ್ಲಿ ತುರುಕಿದರೂ ಅದು ಹೊರಗೇ ಉಳಿಯುತ್ತಿದೆ. ಅವನ ಮುಖ ಸಣ್ಣದಾದದ್ದು ನೋಡಿ ನೀನು ಹೇಳಿದ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಹಾಗೆಯೇ ಇದೆ:

"ಟ್ರಿಂಕೋಮಲಿ ಬಾಕಿ ಇರ್ಲಿ ಬಿಡ್ರಿ. ಹಿಟ್ಟಿನ ಡಬ್ಬಿ ತಳಾ ಕಾಣೂ ಹಂಗ ಬಳೀತೀವೇನು? ಒಂದ್ ಊರ ಉಳಸಿದ್ರ ಮತ್ತ ಬರಾಕ ನೆವಾ ಆಗ್ತೈತಿ."

ಹಿಟ್ಟು ಪೂರ್ತಿ ಖಾಲಿಯಾಗಬಾರದು, ಡಬ್ಬಿಯಲ್ಲಿ ಒಂದು ಹಿಡಿಯಾದರೂ ಉಳಿದಿರಬೇಕು ಎಂಬ ಅಡುಗೆಮನೆಯ ಶಾಸ್ತ್ರವನ್ನು ನೀನು ರಸ್ತೆಗೆ ತಂದೆ. ಅಜ್ಜ ನಕ್ಕು ಒಪ್ಪಿಕೊಂಡ. ಅಂದಿನಿಂದ ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಒಂದು ಊರನ್ನು ನೋಡದೆ ಬಾಕಿ ಇಡುತ್ತಾರೆ. ಯಾರಿಗೆ ಯಾವ ಊರಿನ ಮೇಲೆ ಹೆಚ್ಚು ಆಸೆಯೋ ಅವರೇ ಅದನ್ನು ಬಿಟ್ಟುಕೊಡಬೇಕು, ಆಗಲೇ ಅಲ್ಲಿಗೆ ಮರಳಿ ಹೋಗುವುದು ಖಾತ್ರಿ ಎಂದು ನಿನ್ನ ಮಗ ಅದಕ್ಕೆ ಇನ್ನೊಂದು ಗಂಟು ಹಾಕಿದ. ನೀವು ಮತ್ತೆ ಹೋದಿರಾ? ಇಲ್ಲ. ಮಗನ ಶಾಲೆ, ಅತ್ತೆಯ ಮೊಣಕಾಲು, ಮನೆ ಕಟ್ಟುವ ತಾಪತ್ರಯ. ಆದರೂ ನಿಮ್ಮ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಹೋಗದಿದ್ದರೂ ಹೋಗಬಹುದಿತ್ತಲ್ಲ. ರಸ್ತೆ ಅಲ್ಲೇ ಇತ್ತು, ಸಮುದ್ರವೂ ಅಲ್ಲೇ ಇತ್ತು.

ನಮ್ಮದು ಹಾಗಲ್ಲ. ಕಡಲು ತನ್ನ ಜಾಗ ಬಿಟ್ಟು ಒಳಗೆ ಬಂದ ಮೇಲೆ ದಂಡೆಯುದ್ದಕ್ಕೂ ಜನ ಕಾಲಿಡದ ಪಟ್ಟಿಯೊಂದಿದೆ, ಅದಕ್ಕೆ ಕಡಲಗಡಿ ಎನ್ನುತ್ತೇವೆ. ಅಲ್ಲಿ ಮುಳುಗಿದ, ಮುಳುಗಲಿರುವ ಊರುಗಳೆಲ್ಲ ಮುಚ್ಚೂರುಗಳು. ನೀನು ತಂಗಲಿರುವ ಗಾಲೆ ಕೋಟೆ ಈಗ ಮೀನುಗಳ ಪಾಲು. ಗಾಡಿಗಳು ಓಡುವುದು ಬೆಳಗಿನ ಮತ್ತು ಸಂಜೆಯ ತಂಪುಹೊತ್ತಿನಲ್ಲಿ ಮಾತ್ರ. ನಡುವಿನ ಬಿಸಿಲನ್ನು ದಾರಿಬದಿಯ ನೆರಳುಮನೆಗಳಲ್ಲಿ ಕಳೆಯಬೇಕು. ಅಲ್ಲಿ ಗುರುತಿಲ್ಲದವರೆಲ್ಲ ಬುತ್ತಿ ಬಿಚ್ಚಿ, ಒಬ್ಬರ ರೊಟ್ಟಿಗೆ ಇನ್ನೊಬ್ಬರ ಚಟ್ನಿ ಹಚ್ಚಿಕೊಂಡು, ತಮ್ಮ ತಮ್ಮ ಬೀಗರನ್ನು ಬೈದುಕೊಂಡು ಹೊತ್ತು ಹಾಕುತ್ತಾರೆ. ದೇಶ ಬಿಟ್ಟು ದೇಶಕ್ಕೆ ಹೋಗುವುದಕ್ಕೆ ದೂರಪಾಲು ಎಂಬುದಿದೆ. ಒಬ್ಬೊಬ್ಬರಿಗೂ ಜೀವಮಾನದಲ್ಲಿ ಒಂದು ಸಲ, ಅರವತ್ತು ದಾಟಿದರೆ ಇನ್ನೊಂದು ಸಲ. ಆದ್ದರಿಂದ ನಮ್ಮ ಕಾಲದ ಜನ ಪ್ರಯಾಣದ ಯೋಜನೆಯನ್ನು ಮದುವೆಯ ತಯಾರಿಗಿಂತ ಹೆಚ್ಚು ಅಕ್ಕರೆಯಿಂದ ಮಾಡುತ್ತಾರೆ.

ನನ್ನ ಯಜಮಾನರ ಹೆಸರು ಬಸವಂತ. ಗದಗಿನ ಬಜಾರಿನಲ್ಲಿ ಉಪ್ಪಿನ ಅಂಗಡಿ. ಕಡಲಗಡಿಯಿಂದ ಯಂತ್ರಗಳು ತಂದು ಸುರಿಯುವ ಹರಳುಪ್ಪನ್ನು ಒಡೆದು, ಜರಡಿ ಹಿಡಿದು ಮಾರುತ್ತಿದ್ದರು. ಅಂಗೈ ಸದಾ ಬಿರುಕು, ಅಂಗಿ ಸದಾ ಬಿಳಿ. "ಇಡೀ ಜಲ್ಮಾ ಕಡಲಿನ ಉಪ್ಪ ಮಾರೀನಿ, ಅದರ ಮಾರಿ ನೋಡಿಲ್ಲ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದರು. ಮನೆಯಲ್ಲಿ ನಗುತ್ತಿರಲಿಲ್ಲ. ಸಮುದ್ರಕ್ಕೆ ಸದ್ದು ಇರುತ್ತದಂತೆ, ಹೌದೇನು ಎಂದು ಕೇಳುತ್ತಿದ್ದರು. ನಾನು ತಾನೇ ಎಲ್ಲಿ ಕಂಡಿದ್ದೆ! ಮನುಷ್ಯರು ಮೆಟ್ಟಿಲಿಳಿದು ನೀರಿಗೆ ಕಾಲಿಡಬಹುದಾದ ಒಂದೇ ದಂಡೆ ಉಳಿದಿತ್ತು, ಅದು ಟ್ರಿಂಕೋಮಲಿಯ ಬಂಡೆಯ ಬುಡ. ಹಾಗಾಗಿ ನಮ್ಮಿಬ್ಬರ ದೂರಪಾಲು ಬಂದಾಗ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಒಂದು ಬೇಸಿಗೆಯಿಡೀ ಯೋಜನೆ ಹಾಕಿದೆವು. ಗಾಳಿದೋಣಿ ನಮ್ಮನ್ನು ದಂಬುಲ್ಲದ ಗುಡ್ಡದ ಮೇಲೆ ಇಳಿಸುವುದು, ಅಲ್ಲಿಂದ ಸಿಗಿರಿಯಾ, ಕ್ಯಾಂಡಿ, ನುವಾರಾ ಎಲಿಯಾ, ಕೊನೆಗೆ ಮತ್ತೆ ಬಡಗಣಕ್ಕೆ ಬಂದು ಟ್ರಿಂಕೋಮಲಿ. ಯಾವ ನೆರಳುಮನೆಯಲ್ಲಿ ನೀರು ಸಿಹಿ, ಯಾವ ತಿರುವಿನಲ್ಲಿ ಆನೆ ಅಡ್ಡ ಬರುತ್ತದೆ ಎಲ್ಲ ವಿಚಾರಿಸಿಕೊಂಡೆವು. ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿದೆ. ಹೊರಡುವ ಮುಂಚೆ ಬಾಕಿ ಊರು ಯಾವುದು ಎಂಬ ಮಾತು ಬಂತು. ನಾನು ಕ್ಯಾಂಡಿ ಬಿಡೋಣ ಎಂದೆ. ಅವರು ಒಪ್ಪಲಿಲ್ಲ. ಅಳಿಯನಾಗಿ ಬಂದವರು ನೋಡು, ನಮ್ಮ ಮನೆಯ ರೂಢಿಯ ಮೇಲೆ ನಮಗಿಂತ ಅವರಿಗೇ ಭಕ್ತಿ ಜಾಸ್ತಿ.

"ನಿಮ್ಮ ಮನಿ ಪದ್ಧತಿ ನನಗೇನ್ ಗೊತ್ತಿಲ್ಲೇನು? ಆಸೆ ನಂದು, ಬಿಡಾಂವ ನಾನಽ. ಅರವತ್ತ ಆದ ಮ್ಯಾಲೆ ಇಬ್ಬರೂ ಬರೂಣು, ಆವಾಗ ನೀರಾಗ ಕುಂಡ್ರೂಣಂತ."

ಸಿಗಿರಿಯಾದ ಹತ್ತಿರ ಹಬರಣದ ಕೂಡುರಸ್ತೆಯಲ್ಲಿ ಗಾಡಿ ಓಡಿಸುವಾಕೆ ನಿಧಾನ ಮಾಡಿ, ಟ್ರಿಂಕೋಮಲಿಯ ಕಡೆಗೆ ಕೈ ತೋರಿಸಿ ಹುಬ್ಬೇರಿಸಿದಳು. ಈ ದಾರಿಗೆ ಬಂದು ಆ ಕಡೆ ತಿರುಗದವರನ್ನು ಅವಳು ಕಂಡಿರಲಿಲ್ಲ. ಇವರು ತಲೆಯಾಡಿಸಿ ಬೇಡ ಎಂದರು. ಆಮೇಲೆ ಕ್ಯಾಂಡಿಯ ಕೆರೆಯ ದಂಡೆಯಲ್ಲಿ ಬೂಟು ಬಿಚ್ಚಿ ಕಾಲು ಇಳಿಬಿಟ್ಟು ಕುಳಿತು, "ಇದಕ್ಕ ಉಪ್ಪಿಲ್ಲ ಅನ್ನೂದೊಂದ ಬಿಟ್ರ ಏನ್ ಕಡಿಮಿ ಐತಿ ಹೇಳು" ಎಂದರು. ನಾನು ನಕ್ಕೆ. ಇಬ್ಬರೂ ಸುಖವಾಗಿದ್ದೆವು ಅಜ್ಜಿ, ಅದನ್ನು ಮುಚ್ಚಿಡುವುದಿಲ್ಲ.

ಅವರು ಅರವತ್ತು ಮುಟ್ಟಲಿಲ್ಲ. ಹೋದ ವರ್ಷ ಮೂರನೆಯ ಬೇಸಿಗೆಯಲ್ಲಿ, ಅಂಗಡಿಯಲ್ಲೇ, ಜರಡಿ ಹಿಡಿದವರು ಹಾಗೆಯೇ ಕುಸಿದರು. ಮೊನ್ನೆ ನನ್ನ ಎರಡನೆಯ ದೂರಪಾಲು ಬಂತು. ಅದರ ಜೊತೆಗೇ ಸುದ್ದಿ: ಬರುವ ಬೇಸಿಗೆಗೆ ಟ್ರಿಂಕೋಮಲಿಯ ಮೆಟ್ಟಿಲುಗಳೂ ನೀರಿಗೆ ಹೋಗುತ್ತವೆ, ಆಮೇಲೆ ಅದೂ ಮುಚ್ಚೂರು. ನನಗೆ ಎದೆ ಒಡೆದುಹೋಯಿತು. ಅವರು ಸತ್ತ ದಿನ ಅಷ್ಟು ಅತ್ತಿರಲಿಲ್ಲ, ಮನೆ ತುಂಬ ಜನವಿದ್ದರು.

ಈಗ ಒಬ್ಬಳೇ ಯೋಜನೆ ಹಾಕುತ್ತಿದ್ದೇನೆ. ಈ ಸಲ ಮೊದಲು ಟ್ರಿಂಕೋಮಲಿ, ಆಮೇಲೆ ಉಳಿದ ಎಲ್ಲವೂ. ಒಂದೂ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಇದನ್ನು ಕೇಳಿದ್ದೇ ಮಗಳು ಮಲ್ಲವ್ವ ಬಿಳಿಚಿಕೊಂಡಳು. ಬಾಕಿ ಇಡದೆ ಹೋದವರು ಮನೆಗೇ ಮರಳಿ ಬರುವುದಿಲ್ಲ ಎಂದು ಅವಳ ತಲೆಯಲ್ಲಿ ಕುಳಿತಿದೆ. "ಯವ್ವಾ, ಒಂದ್ ಊರರೆ ಬಿಡಬೇ. ಅಪ್ಪಂತೂ ಇಲ್ಲ. ನೀನೂ ಬರ್ಲಿಲ್ಲಂದ್ರ ನಾ ಯಾರ ಮುಂದ ಹೋಗ್ಲಿ?" ಎಂದು ಸೆರಗು ಹಿಡಿದಳು. ನಲವತ್ತರ ಹತ್ತಿರ ಬಂದ ಹೆಂಗಸು, ಸಣ್ಣ ಹುಡುಗಿಯ ಹಾಗೆ. ನಿಜ ಹೇಳಬೇಕೆಂದರೆ, ಮರಳಿ ಬರಬೇಕು ಎಂಬ ಆಸೆಯೇ ನನ್ನಲ್ಲಿ ಅಷ್ಟಾಗಿ ಉಳಿದಿರಲಿಲ್ಲ. ಅದು ಅವಳಿಗೆ ಹೇಗೋ ಗೊತ್ತಾಗಿತ್ತು.

ಆದ್ದರಿಂದ ನಿನ್ನಲ್ಲಿ ಒಂದು ಬೇಡಿಕೆ. ನಕ್ಷೆಯನ್ನು ಇನ್ನೂ ಮಡಚಿಲ್ಲವಾದರೆ, ಟ್ರಿಂಕೋಮಲಿಯನ್ನು ಸೇರಿಸು. ಗಾಲೆ ಬಿಡು, ಒಂದು ದಿನ ರಜೆ ಹೆಚ್ಚು ಕೇಳು, ಏನಾದರೂ ಮಾಡು. ಶಿವಯೋಗಿ ಅಜ್ಜನನ್ನು ನೀರಿಗಿಳಿಸು, ಮಗನ ಚಡ್ಡಿ ತೊಯ್ಯಲಿ. ಹಿಟ್ಟು ಉಳಿಸಿದರೆ ನಾಳೆಗಾಗುತ್ತದೆ, ಮನುಷ್ಯ ಹಾಗಲ್ಲ. ಈ ಮಾತು ನಿನಗೆ ಮುಟ್ಟುವುದಿಲ್ಲ ಎಂದು ನನಗೂ ಗೊತ್ತು. ಮುಟ್ಟಿದ್ದರೆ ನನ್ನ ಯಜಮಾನರ ಕಾಲಿಗೆ ಒಂದು ಸಲವಾದರೂ ಉಪ್ಪುನೀರು ತಾಗಿರುತ್ತಿತ್ತು.

ನಾಳೆ ತಂಪುಹೊತ್ತಿಗೆ ಹೊರಡುತ್ತೇನೆ. ಮಲ್ಲವ್ವನಿಗೆ ಬೆಳಗ್ಗೆ ಹೇಳಿದೆ: ಒಂದು ಊರನ್ನೂ ಬಿಡುವುದಿಲ್ಲ, ನಿಮ್ಮಪ್ಪ ಬಿಟ್ಟದ್ದೇ ಸಾಕು. ಆದರೆ ಬರುತ್ತೇನೆ. ಸಮುದ್ರ ಹೇಗಿತ್ತು, ಅದಕ್ಕೆ ಸದ್ದು ಇತ್ತೋ ಇಲ್ಲವೋ ಎಂದು ಹೇಳುವುದಕ್ಕೆ ನನಗೆ ಒಬ್ಬರು ಬೇಕು. ಕೇಳಬೇಕಾದವರು ಇಲ್ಲ, ಮಗಳೇ, ನೀನಿದ್ದೀಯ. ಅವಳು ಒಳಗೆ ಹೋಗಿ ನನ್ನ ಬುತ್ತಿಗೆ ರೊಟ್ಟಿ ಬಡಿಯತೊಡಗಿದಳು.