ಜಿಲ್ಫಾಳ ಬಾವಿ

ಮಾರ್ಚ್ 12, ಮಂಗಳವಾರ

ಇವತ್ತು ಥ್ಯಾಕ್ಸ್ಟನ್ ಮನೆ ನೋಡಲು ಮೂರು ಬಸ್ಸು ಜನ. ಆರು ಸಲ ಅದೇ ಮೆಟ್ಟಿಲು, ಅದೇ ಪಿಯಾನೋ, ಅದೇ ಬಾವಿ. ಒಳಗೆ ಉಕ್ಕಿನ ಬಳೆ ಹೊಲಿದ, ಗೈಡ್ ವೇಷದ ಈ ಅಗಲ ಲಂಗ ತೊಟ್ಟು ಬಾತ್‌ರೂಮಿಗೆ ಹೋಗಿಬಂದವರಿಗೆ ಮನೆ ನಡೆಸುವ ಇತಿಹಾಸ ಸಂಘದವರು ಪದಕ ಕೊಡಬೇಕು. ಅರವತ್ತೆಂಟರ ಮಂಡಿ ಮಾತು ಕೇಳುತ್ತಿಲ್ಲ.

ಬಾವಿಯ ಹತ್ತಿರ ಎಂದಿನಂತೆ ಎಲ್ಲರೂ ಗಪ್‌ಚುಪ್, ನಾನು ಕತೆ ಶುರುಮಾಡಿದೆ. ಥ್ಯಾಕ್ಸ್ಟನ್ ಮನೆಯ ಗುಲಾಮ ಹುಡುಗಿ ಜಿಲ್ಫಾ, ಅಮೆರಿಕದ ಅಂತರ್ಯುದ್ಧದ ಕಾಲ, ಬೆಳ್ಳಿ ಚಮಚ ಕದ್ದಳು, ಸಿಕ್ಕಿಬಿದ್ದಳು, ಇದೇ ಬಾವಿಗೆ ಹಾರಿದಳು. ಕಿವಿಗೊಟ್ಟರೆ ಈಗಲೂ ಚಮಚದ ಸದ್ದು... ಓಹಾಯೊದಿಂದ ಬಂದವಳೊಬ್ಬಳು ಅತ್ತೇಬಿಟ್ಟಳು.

ಸಂಜೆ ಡಾಟಿ ಹೋಲ್ಕಂಬ್ ಬಂದಿದ್ದಳು. ಸಂಘದ ಅಧ್ಯಕ್ಷೆಯಾದಮೇಲೆ ಅವಳ ಕಾಲು ನೆಲಕ್ಕೆ ತಾಗಿದ್ದನ್ನು ನೋಡಿಲ್ಲ. 30ರಂದು ಬಾವಿಗೆ ಕಂಚಿನ ಫಲಕ ಹಾಕಿಸುತ್ತಾಳಂತೆ. ಕತೆಯನ್ನೆಲ್ಲ ಕೆತ್ತಿಸಿಯೂ ಆಗಿದೆ. ಬೇಡ ಅನ್ನಬೇಕಿತ್ತು.

ಯಾಕೆಂದರೆ — ಇಲ್ಲಿಯಾದರೂ ನಿಜ ಬರೆಯುತ್ತೇನೆ — ಕತೆ ಕಟ್ಟಿದವಳು ನಾನೇ. ಮೂವತ್ತು ವರ್ಷದ ಹಿಂದೆ, ಆಕಳಿಸುತ್ತ ನಿಂತಿದ್ದ ಒಂದು ಗುಂಪನ್ನು ಎಬ್ಬಿಸಲಿಕ್ಕೆ. ಹೆಸರೊಂದೇ ನಿಜ. ಬ್ಯಾಪ್ಟಿಸ್ಟ್ ಚರ್ಚಿನ ಹಳೆಯ ಸದಸ್ಯರ ಪಟ್ಟಿಯಲ್ಲಿತ್ತು: 'ಜಿಲ್ಫಾ, ಥ್ಯಾಕ್ಸ್ಟನ್‌ರ ಗುಲಾಮಳು.' ಹೆಸರು ಚೆನ್ನಾಗಿದೆ ಅನ್ನಿಸಿತು, ಎತ್ತಿಕೊಂಡೆ. ಹಿಂದೆಮುಂದೆ ನೋಡಲಿಲ್ಲ.

ಮಾರ್ಚ್ 14, ಗುರುವಾರ

ಡೆಟ್ರಾಯಿಟ್‌ನಿಂದ ಕಾಗದ. ಓರೇಲಿಯಾ ಗ್ರೀರ್, ಎಪ್ಪತ್ನಾಲ್ಕು ವರ್ಷ, ನಿವೃತ್ತ ಟೀಚರ್. ಜಿಲ್ಫಾ ಅವರ ಮುತ್ತಜ್ಜಿಯ ತಾಯಿಯಂತೆ. ಬಾವಿಗೆ ಹಾರಿದ್ದು ತಪ್ಪು ಮಾಹಿತಿ, ಥ್ಯಾಕ್ಸ್ಟನ್‌ರ ಮನೆಯಿಂದ ಓಡಿಹೋದಳು, ಸೂಲಗಿತ್ತಿಯಾಗಿ ಎಂಬತ್ತೊಂದರವರೆಗೆ ಬದುಕಿದಳು ಎಂದು ಬರೆದಿದ್ದಾರೆ. ಯಾಕೆ ಓಡಿದಳೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ನಿಮ್ಮ ಸಂಘದ ಪುಸ್ತಿಕೆಯಲ್ಲಿ ಚಮಚದ ಕತೆ ಓದಿದ ಮೇಲೆ ಗೊತ್ತಾಯಿತು, ಅಂತಲೂ ಇದೆ.

ಫಲಕದ ದಿನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾರೆ.

ಕಾಗದವನ್ನು ನಾಲ್ಕು ಸಲ ಓದಿದೆ.

ಮಾರ್ಚ್ 25, ಸೋಮವಾರ

ಹನ್ನೊಂದು ದಿನ ಏನೂ ಬರೆಯಲಿಲ್ಲ. ಬರೆದರೆ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಪುಸ್ತಕವನ್ನೇ ಮುಟ್ಟಲಿಲ್ಲ. ಇವತ್ತು ಡಾಟಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ತಣ್ಣಗೆ ಗ್ಲಾಸಿಗೆ ಸಿಹಿ ಚಹ ಬಗ್ಗಿಸಿದಳು, ಐಸ್ ಹಾಕಿದಳು.

"ನೋಡಿ ಮಿಸ್ ವಿನ್ನಿ, ಮೂವತ್ತು ವರ್ಷ ಊರೆಲ್ಲಾ ಹೇಳಿದ್ಮೇಲೆ ಅದು ನಿಮ್ಮ ಕತೆ ಅಲ್ಲ, ಊರಿಂದು. ಆ ಬಾವಿ ಇಲ್ದೇ ಹೋದ್ರೆ ಬಸ್ಸು ಇಲ್ಲಿ ಪೆಟ್ರೋಲಿಗೆ ಮಾತ್ರ ನಿಲ್ಲತ್ತೆ."

ಬಾಯಿಬಿಟ್ಟರೆ ಥ್ಯಾಕ್ಸ್ಟನ್ ಮನೆಯ ಬೀಗದ ಕೈ ಬೇರೆಯವರಿಗೆ ಹೋಗುತ್ತದೆ ಎಂದೂ ನಗುನಗುತ್ತಲೇ ಹೇಳಿದಳು. ಗಂಡ ಸತ್ತ ಮೇಲೆ ನನಗಿರುವುದು ಆ ಮನೆಯ ಕೆಲಸವೊಂದೇ, ಅವಳಿಗೂ ಗೊತ್ತು. ಆಯಿತು ಅಂದೆ. ಅವಳು ಕೊಟ್ಟ ಬಿಸ್ಕತ್ತನ್ನೂ ತಿಂದೆ. ನಾಚಿಕೆಗೆಟ್ಟವಳು.

ಮಾರ್ಚ್ 28, ಗುರುವಾರ, ಮಧ್ಯಾಹ್ನ

ಓರೇಲಿಯಾ ಎರಡು ದಿನ ಮುಂಚೆಯೇ ಬಂದರು. ಒಬ್ಬರೇ. ಎತ್ತರದ ಹೆಂಗಸು, ನೇರಳೆ ಟೋಪಿ, ಮೆಲ್ಲಗಿನ ಮಾತು. ಜಗಳಕ್ಕೆ ಬಂದಿರುತ್ತಾರೆಂದು ಹೆದರಿದ್ದೆ. ಜಗಳವೇ ಆಗಿದ್ದರೆ ಎಷ್ಟೋ ವಾಸಿಯಿತ್ತು.

ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದರು. ಒಳಗೆ ಬೆಳ್ಳಿ ಚಮಚ, ಅಂಚು ಸವೆದಿದೆ. ಜಿಲ್ಫಾಳಿಂದ ಮಗಳಿಗೆ, ಮಗಳಿಂದ ಮಗಳಿಗೆ ಬಂದದ್ದಂತೆ. ಮನೆಯ ಪ್ರತಿ ಕೂಸಿನ ಬಾಯಿಗೆ ಮೊದಲ ತುತ್ತು ಇದರಲ್ಲೇ. ಹತ್ತು ವರ್ಷದ ಹಿಂದೆ ಪುಸ್ತಿಕೆ ಓದಿದ ಮೇಲೆ ಅವರ ತಾಯಿ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಆಗಷ್ಟೇ ಹುಟ್ಟಿದ ಮರಿಮಗಳಿಗೆ ಜಿಲ್ಫಾ ಅಂತ ಹೆಸರಿಡಬೇಕು ಅಂದಿದ್ದನ್ನೂ ಬೇಡವೆಂದರು.

"ಕದ್ದ ವಸ್ತು ಮನೇಲಿಟ್ಕೊಂಡು ಅಮ್ಮನಿಗೆ ಕೊನೇವರೆಗೂ ನೆಮ್ಮದಿ ಇರ್ಲಿಲ್ಲ ಮೇಡಂ. ಅದಕ್ಕೇ ವಾಪಸ್ ಕೊಡೋಣ ಅಂತ ಬಂದೆ."

ಡಾಟಿ ಅಲ್ಲೇ ಇದ್ದಳು. ಅವಳ ಕಣ್ಣು ಅರಳಿತು. ಶನಿವಾರ ಎಲ್ಲರೆದುರು, ಬಾವಿಯ ಪಕ್ಕದಲ್ಲೇ ಕೊಡಿ ಅಂದಳು. ಪತ್ರಿಕೆಗೆ ಫೋನೂ ಮಾಡಿದಳು. ಥ್ಯಾಕ್ಸ್ಟನ್‌ರ ಬೆಳ್ಳಿಯ ಮೇಲೆಲ್ಲ 'ಟಿ' ಅಕ್ಷರ ಇರುತ್ತದೆ, ಇದರ ಮೇಲೆ ಇಲ್ಲ ಎಂದೆ. ಸವೆದಿರಬೇಕು ಅಂದಳು, ನನ್ನನ್ನೇ ನೋಡುತ್ತ.

ಮಾರ್ಚ್ 29, ಶುಕ್ರವಾರ

ಬೆಳಿಗ್ಗೆ ಓರೇಲಿಯಾ ಇಳಿದುಕೊಂಡಿದ್ದ ಕಡೆಗೇ ಹೋದೆ. ತಿಂಡಿ ತಿನ್ನುತ್ತಿದ್ದರು. ಕೂರುವ ಮೊದಲೇ ಹೇಳಿಬಿಟ್ಟೆ: ಚಮಚ ಕಳುವಾಗಿಯೇ ಇಲ್ಲ, ಕಳ್ಳತನ ನಾನು ಹುಟ್ಟಿಸಿದ್ದು, ಆ ಚಮಚ ನಿಮ್ಮದೇ.

ಅವರು ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು, ಈಗ ಅವಳಿಗೆ ಯಾರು ಹೋಗಿ ಹೇಳೋದು ಅಂದರು. ನಾನು ಅತ್ತುಬಿಟ್ಟೆ. ನನ್ನ ಅಳು ಕಂಡು ಅವರ ಮುಖ ಇನ್ನಷ್ಟು ಬಿಗಿಯಾಯಿತು.

"ನನ್ ಹತ್ರ ಹೇಳಿ ಏನ್ ಪ್ರಯೋಜನ? ಕತೆ ಹೇಳಿದ್ ಜಾಗದಲ್ಲೇ ನಿಂತು ಹೇಳಿ. ನಾನು ಹೇಳಿದ್ರೆ ಯಾರು ನಂಬ್ತಾರೆ, ಕಳ್ಳಿ ವಂಶದವಳು ಅಂತಾರೆ. ನೀವು ಹೇಳ್ಲಿಲ್ವಾ, ನಾಳೆ ಚಮಚ ಸಂಘದವರ ಕೈಗಿಟ್ಟು ಹೊರಟೋಗ್ತೀನಿ. ನೀವೇ ನೋಡ್ತಾ ನಿಂತಿರಿ."

ಮಾರ್ಚ್ 30, ಶನಿವಾರ, ಬೆಳಿಗ್ಗೆ 9.50

ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಕೂತಿದ್ದೇನೆ. ಲಂಗ ತೊಟ್ಟಿಲ್ಲ, ಮನೆಯ ಬಟ್ಟೆಯಲ್ಲೇ ಬಂದೆ. ಡಾಟಿ ಮೇಲಿಂದ ಕೆಳಗೆ ನೋಡಿದಳು, ಬೀಗದ ಕೈ ಗೊಂಚಲಿಗೆ ಕೈಚಾಚಿದಳು. ಕೊಟ್ಟುಬಿಟ್ಟೆ. ಆದರೂ ಸ್ವಾಗತ ಭಾಷಣ ನನ್ನದೇ. ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ಹೆಸರಿದೆ, ಅವಳೀಗ ಏನೂ ಮಾಡುವಂತಿಲ್ಲ.

ಕಿಟಕಿಯಿಂದ ಕಾಣುತ್ತದೆ. ಇನ್ನೂರು ಜನರಿರಬಹುದು. ಮುಂದಿನ ಸಾಲಿನಲ್ಲಿ ಓರೇಲಿಯಾ, ಪಕ್ಕದಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು. ಎಲ್ಲರದೂ ತಗ್ಗಿದ ತಲೆ. ಹತ್ತು ವರ್ಷದ ಒಂದು ಹುಡುಗಿ ಮಾತ್ರ ಕತ್ತೆತ್ತಿ ಬಾವಿಯನ್ನೇ ನೋಡುತ್ತಿದೆ. ಜಿಲ್ಫಾ ಎಂಬ ಹೆಸರು ತಪ್ಪಿಹೋದ ಮರಿಮಗಳು ಅದೇ ಇರಬೇಕು.

ಅಲ್ಲಿ ಹೋದರೆ ಬಾಯಿ ತಾನಾಗಿ ಹಳೆಯ ಕತೆ ಶುರುಮಾಡಿಬಿಡುತ್ತದೇನೋ ಅಂತ ಭಯ. ಅದಕ್ಕೆ ಚೀಟಿಯಲ್ಲಿ ಬರೆದುಕೊಳ್ಳುವ ಮೊದಲು ಇಲ್ಲೊಮ್ಮೆ ಬರೆದು ನೋಡುತ್ತೇನೆ. ಡಾಟಿ ಮೈಕಿನಲ್ಲಿ ನನ್ನ ಹೆಸರು ಕೂಗುತ್ತಿದ್ದಾಳೆ.

ಎಲ್ಲರಿಗೂ ಸ್ವಾಗತ. ಜಿಲ್ಫಾ ಈ ಮನೆಯಿಂದ ಏನನ್ನೂ ಕದಿಯಲಿಲ್ಲ. ಕದ್ದವಳು ನಾನು.